ನೃಪತುಂಗ ಬೇಕು, ಅವನ ಕಾಲದ ಗಣಿತ ಬೇಡವೇ?

ನವೆಂಬರ್ ಬಂತೆಂದರೆ ಹೈದರಾಬಾದಿನ ಕನ್ನಡಿಗರಿಗೆ ನೃಪತುಂಗನ ನೆನಪು ಉಕ್ಕಿ ಬರುತ್ತದೆ. ಕಾಚಿಗುಡದಲ್ಲಿ ಅವನ ಹೆಸರಿನ ಶಾಲೆಯಿದೆ. ಉಪ್ಪಲ್, ರಾಮಂತಾಪುರ, ಹಬ್ಸಿಗುಡದ ಕಡೆ ನಾವು ನಾಲ್ಕು ಜನ ಸೇರಿ ದೀಪ ಹಚ್ಚಿದರೂ ಭಾಷಣಕಾರರು ‘ಕವಿರಾಜಮಾರ್ಗ’ದಿಂದಲೇ ಮಾತು ತೆಗೆಯುತ್ತಾರೆ. ಸಂತೋಷ. ಆದರೆ ಅದೇ ಅರಸನ ಕಾಲದಲ್ಲಿ, ಸುಮಾರು 850ರಲ್ಲಿ, ಅವನನ್ನೇ ಆರಂಭದಲ್ಲಿ ಹೊಗಳಿ ಮಹಾವೀರಾಚಾರ್ಯನು ಬರೆದ ‘ಗಣಿತಸಾರಸಂಗ್ರಹ’ದ ಹೆಸರನ್ನು ನಮ್ಮ ವೇದಿಕೆಗಳಿಂದ ಎಷ್ಟು ಮಂದಿ ಕೇಳಿದ್ದೀರಿ? ಮಹಾವೀರ ಎಂದೊಡನೆ ತೀರ್ಥಂಕರನನ್ನು ನೆನೆದು ಕೈ ಮುಗಿಯುವವರೇ ಹೆಚ್ಚು!

‘ಅದು ಸಂಸ್ಕೃತ ಗ್ರಂಥವಲ್ಲವೇ, ಕನ್ನಡ ಸಂಘಕ್ಕೇನು ಸಂಬಂಧ?’ ಎಂಬ ತಕರಾರು ಏಳುತ್ತದೆಂದು ಬಲ್ಲೆ. ಸಂಸ್ಕೃತವೇ ಹೌದು. ಆದರೆ ಆ ಪುಸ್ತಕಕ್ಕೆ ವಲ್ಲಭನೆಂಬವನು ಬರೆದ ಕನ್ನಡ ಟೀಕೆಯಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ರಚಿಸಿದ. ನಾವು ಯಾರ ನಡುವೆ ಬದುಕುತ್ತಿದ್ದೇವೋ ಆ ತೆಲುಗರ ಪಾವುಲೂರಿ ಮಲ್ಲನನು ಹನ್ನೊಂದನೆಯ ಶತಮಾನದಲ್ಲೇ ಮಹಾವೀರನ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸು ಸರ್ಕಾರ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮೂಲವನ್ನು ಅಚ್ಚು ಹಾಕಿಸಿತು. 1963ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದ ಬಂತು. ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂದದ್ದು 2000ದಲ್ಲಿ. ರಾಷ್ಟ್ರಕೂಟರ ನಾಡಿನವರೆಂದು ಎದೆ ತಟ್ಟಿಕೊಳ್ಳುವ ನಾವೇ ಸರದಿಯಲ್ಲಿ ಕೊನೆಗೆ ನಿಂತೆವು. ಹಾಗೆ ಬಂದ ಅನುವಾದವನ್ನಾದರೂ ನಮ್ಮ ಸಂಘಗಳು ಕೊಂಡವೇ, ಓದಿದವೇ?

ಪುಸ್ತಕದಲ್ಲಿ ಏನಿದೆ ಎಂದು ನೋಡೋಣ. ಒಂದು ಲೆಕ್ಕವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬಾಳೆಹಣ್ಣಿನ 63 ರಾಶಿಗಳಿವೆ, ಎಲ್ಲವೂ ಸಮ. ಜೊತೆಗೆ 7 ಬಿಡಿ ಹಣ್ಣು. ದಣಿದು ಬಂದ 23 ದಾರಿಹೋಕರು ಎಲ್ಲವನ್ನೂ ಉಳಿಕೆಯಿಲ್ಲದೆ ಸಮನಾಗಿ ಹಂಚಿಕೊಂಡರು. ರಾಶಿಗೆ ಹಣ್ಣೆಷ್ಟು? ಒಂದೇ ಸಮೀಕರಣ, ಗೊತ್ತಿಲ್ಲದ್ದು ಎರಡು. ಶಾಲೆಯ ಹುಡುಗ ‘ಬಿಡಿಸಲಾಗದು’ ಎಂದು ಕೈ ಚೆಲ್ಲುತ್ತಾನೆ. ಆದರೆ ಹಣ್ಣನ್ನು ಕತ್ತರಿಸಬಾರದು, ಉತ್ತರ ಪೂರ್ಣಾಂಕವಾಗಿಯೇ ಬರಬೇಕು ಎಂಬ ಹಟವೇ ಇಲ್ಲಿ ದಾರಿ ತೋರಿಸುತ್ತದೆ. 63ನ್ನು 23ರಿಂದ ಭಾಗಿಸಿ, ಶೇಷ 17. 23ನ್ನು 17ರಿಂದ ಭಾಗಿಸಿ, ಶೇಷ 6. ಮತ್ತೆ 5, ಮತ್ತೆ 1. ಹೀಗೆ ಕುಟ್ಟಿ ಕುಟ್ಟಿ ಸಣ್ಣದು ಮಾಡಿ, ಬಂದ ಹೆಜ್ಜೆಯಲ್ಲೇ ಹಿಂದಿರುಗಿದರೆ ರಾಶಿಗೆ 5 ಹಣ್ಣು, ತಲೆಗೆ 14. ರಾಶಿಗೆ 28 ಇದ್ದರೂ ನಡೆಯುತ್ತದೆ, 51 ಇದ್ದರೂ ಸರಿ. ಇದಕ್ಕೆ ಕುಟ್ಟೀಕಾರವೆಂದು ಹೆಸರು. ಮ.ಸಾ.ಅ. ತೆಗೆಯಲು ನಮ್ಮ ಮಕ್ಕಳು ಮಾಡುವ ಭಾಗಾಕಾರವೇ ಇದು. ಅದರಿಂದ ಇಷ್ಟು ದೂರ ಹೋಗಬಹುದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇಂದು ವಿಶ್ವವಿದ್ಯಾಲಯಗಳಲ್ಲಿ ಕಲಿಸುವ ಬೀಜಗಣಿತೀಯ ಸಂಖ್ಯಾ ಸಿದ್ಧಾಂತ ಬೆಳೆದದ್ದೂ ಪೂರ್ಣಾಂಕದ ಇಂಥ ಹಟದಿಂದಲೇ. (ಹೆಸರಿನ ಅಕ್ಷರ ಕೂಡಿಸಿ ಅದೃಷ್ಟ ಹೇಳುವ ಸಂಖ್ಯಾಶಾಸ್ತ್ರವಲ್ಲ, ಅದಕ್ಕೆ ನಮ್ಮಲ್ಲಿ ಗಿರಾಕಿಗಳಿಗೆ ಬರವಿಲ್ಲ.)

ಇನ್ನು ಎರಡನೆಯ ಬಗೆಯವರಿದ್ದಾರೆ, ಇವರು ಮೊದಲಿನವರಿಗಿಂತ ಅಪಾಯಕಾರಿಗಳು. ‘ಯೂರೋಪಿನವರು ಕಂಡುಹಿಡಿದದ್ದೆಲ್ಲ ನಮ್ಮ ಮಹಾವೀರನಲ್ಲಿದೆ’ ಎಂದು ಮೈಕು ಹಿಡಿದು ಗುಡುಗುತ್ತಾರೆ. ಎಲ್ಲ ಇಲ್ಲ, ಮಹನೀಯರೇ. ಭಿನ್ನಗಳನ್ನು ಕೂಡಿಸಲು ಛೇದಗಳ ಲ.ಸಾ.ಅ. ತೆಗೆಯುವುದನ್ನು ಅವನು ‘ನಿರುದ್ಧ’ವೆಂದು ಹೆಸರಿಟ್ಟು ಹೇಳಿದ್ದಾನೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದಂತೆಯೇ ಉಳಿಯುತ್ತದೆ ಎಂದೂ ಬರೆದಿದ್ದಾನೆ. ಅದು ತಪ್ಪು. ಆ ತಪ್ಪನ್ನು ಮುಚ್ಚಿಟ್ಟು ಹೊಗಳುವುದು ಪುಸ್ತಕ ತೆರೆಯದವರ ಕೆಲಸ. ಅವನ ಲೆಕ್ಕಗಳ ಜೊತೆಗೆ ಆ ತಪ್ಪನ್ನೂ ಮಕ್ಕಳ ಮುಂದಿಟ್ಟು ‘ಇದೇಕೆ ಸರಿಯಲ್ಲ?’ ಎಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕೇ?

ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ. ಉಪ್ಪಲ್‌ನಲ್ಲಿ ಸರ್ವೆ ತರಬೇತಿ ಸಂಸ್ಥೆಯಿದೆ. ಉಪ್ಪಲ್ ರಸ್ತೆಯಲ್ಲಿ ಭೂಭೌತ ಸಂಶೋಧನಾ ಸಂಸ್ಥೆಯಿದೆ. ಲೆಕ್ಕ ಬಲ್ಲವರಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಆದರೂ ನಮ್ಮ ಮನೆಗಳ ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಕೋಚಿಂಗ್ ಕೇಂದ್ರಗಳಲ್ಲಿ ಗಣಿತ ಅರೆಯುತ್ತಾರೆ, ಕನ್ನಡವನ್ನು ವರ್ಷಕ್ಕೊಮ್ಮೆ ನೃತ್ಯದ ಹಾಡಿನಲ್ಲಿ ಮಾತ್ರ ಭೇಟಿಯಾಗುತ್ತಾರೆ. ಕನ್ನಡವೆಂದರೆ ಕುಣಿತ, ಬುದ್ಧಿಯ ಕೆಲಸಕ್ಕೆ ಬೇರೆ ಭಾಷೆ ಎಂಬ ಪಾಠವನ್ನು ಅವರಿಗೆ ಕಲಿಸಿದ್ದು ತೆಲುಗರಲ್ಲ, ಇಂಗ್ಲಿಷರೂ ಅಲ್ಲ. ನಮ್ಮದೇ ಕಾರ್ಯಕ್ರಮ ಪಟ್ಟಿ.

ಮಳಖೇಡವೇನು ದೂರವೇ? ರಾಷ್ಟ್ರಕೂಟರ ಆ ರಾಜಧಾನಿ 1956ರವರೆಗೆ ನಮ್ಮ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲು ಮಾರ್ಗದಲ್ಲಿ ಅದರ ಹೆಸರಿನ ನಿಲ್ದಾಣವಿದೆ. ಕಾಗಿಣಾ ತೀರದ ಕೋಟೆಗೆ ಒಂದು ಭಾನುವಾರ ಮಕ್ಕಳನ್ನು ಕರೆದೊಯ್ಯಬಹುದು. ಅದು ಆಗದಿದ್ದರೆ ಬರುವ ರಾಜ್ಯೋತ್ಸವದಲ್ಲಿ ಸನ್ಮಾನದ ಶಾಲುಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿ, ಆ ಹಣದಲ್ಲಿ ಗಣಿತಸಾರಸಂಗ್ರಹದ ಹತ್ತು ಲೆಕ್ಕಗಳ ಕಿರುಪುಸ್ತಿಕೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಲಿ. ವೇದಿಕೆಯ ಮೇಲೆ ಅರ್ಧ ಗಂಟೆ ಕರಿಹಲಗೆ ಇಡಲಿ. ಮಹಾವೀರನು ಹಾರದಂತೆ ಪೋಣಿಸಿದ ಗುಣಾಕಾರಗಳಲ್ಲಿ ಒಂದನ್ನು, 152207ನ್ನು 73ರಿಂದ ಗುಣಿಸುವುದನ್ನು, ಯಾವುದಾದರೂ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು ಮಾಡಿಸಲಿ. ಎಂಟು ಒಂದುಗಳು ಸಾಲಾಗಿ ನಿಂತಾಗ ಸಭೆಯಲ್ಲಿ ಚಪ್ಪಾಳೆ ಬೀಳದಿದ್ದರೆ ಆಮೇಲೆ ನನ್ನನ್ನು ಕೇಳಿ.