ಕ್ಯುಸೆಕ್ ಎಷ್ಟಂತ ಗೊತ್ತಾತು, ನೀರು ಎಷ್ಟೊತ್ತಿಗೆ ಬರತೈತಿ?

ಮಳೆಗಾಲ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: ‘ಹಿಡಕಲ್ ಡ್ಯಾಮಿನಿಂದ ಎಷ್ಟು ಬಿಟ್ಟಾರ?’ ಉತ್ತರ ಕ್ಯುಸೆಕ್ಕಿನಲ್ಲಿ ಬರುತ್ತದೆ. ಇಪ್ಪತ್ತು ಸಾವಿರ, ನಲವತ್ತು ಸಾವಿರ. ಆದರೆ ದನ ಬಿಚ್ಚಿ ಹೊಡಕೊಂಡು ಹೋಗಬೇಕಾದವರಿಗೆ, ದಂಡೆಯ ಮೋಟಾರು ಎತ್ತಿಡಬೇಕಾದವರಿಗೆ ಬೇಕಾದ ಉತ್ತರ ಬೇರೆ. ‘ನಮ್ಮೂರಿಗೆ ಎಷ್ಟೊತ್ತಿಗೆ ಮುಟ್ಟತೈತಿ?’

ಈ ಲೆಕ್ಕದ ಬೇರು ಏಳನೇ ತರಗತಿಯ ವಿಜ್ಞಾನದಲ್ಲೇ ಇದೆ. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆ. ನಮ್ಮ ಶಾಲೆಗಳಲ್ಲಿ ಇದನ್ನು ರೈಲು, ಕಾರುಗಳ ಲೆಕ್ಕ ಬರೆಸಿ ಮುಗಿಸುವುದೇ ಹೆಚ್ಚು. ಘಟಪ್ರಭೆಯ ದಂಡೆಯ ಮಕ್ಕಳಿಗೆ ಇದನ್ನು ನೀರಿನಿಂದಲೇ ಕಲಿಸಬೇಕು ಎಂಬುದು ನನ್ನ ವಾದ.

ಮೊದಲು ಕ್ಯುಸೆಕ್. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು 28 ಲೀಟರ್. ಎರಡು ಕೊಡ ಅನ್ನಿ. ಇದು ವೇಗವಲ್ಲ. ಹೊಳೆಯ ಅಗಲ, ಆಳ, ವೇಗ ಮೂರನ್ನೂ ಗುಣಿಸಿದಾಗ ಬರುವ ಸಂಖ್ಯೆ. ಅಷ್ಟೇ ಕ್ಯುಸೆಕ್ ನೀರು ಇಕ್ಕಟ್ಟಾದ ಜಾಗದಲ್ಲಿ ಓಡುತ್ತದೆ, ಹೊಲಗಳಿಗೆ ಹರಡಿದ ಕಡೆ ನಿಧಾನವಾಗುತ್ತದೆ. ದಿನವಿಡೀ ಸುಮಾರು 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ ಎಂದು ಎಲ್ಲರೂ ಹೇಳುತ್ತಾರೆ, ಇವೆರಡನ್ನೂ ಜೋಡಿಸಿ ನೋಡುವವರು ಕಡಿಮೆ.

ವೇಗ ಅಳೆಯಲು ಕಾಲುವೆ ಸಾಕು. ದಂಡೆಯ ಮೇಲೆ ಹಗ್ಗ ಹಿಡಿದು 20 ಮೀಟರ್ ಅಂತರದಲ್ಲಿ ಎರಡು ಗುರುತು ಮಾಡಿ. ಮೇಲಿನ ಗುರುತಿಗಿಂತ ಸ್ವಲ್ಪ ಹಿಂದೆ ಒಣಗಿದ ಜೋಳದ ದಂಟಿನ ತುಂಡನ್ನು ಮಾಸ್ತರರೇ ನೀರಿಗೆ ಎಸೆಯಲಿ. ಮಕ್ಕಳು ದೂರ ನಿಂತು ಮೊಬೈಲಿನಲ್ಲಿ ಸೆಕೆಂಡು ಎಣಿಸಲಿ, ಯಾರೂ ಕೆಳಗೆ ಇಳಿಯಬಾರದು. ಒಂದು ಗುರುತಿನಿಂದ ಇನ್ನೊಂದಕ್ಕೆ 25 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 0.8 ಮೀಟರ್, ಗಂಟೆಗೆ ಸುಮಾರು 2.9 ಕಿ.ಮೀ. ಮತ್ತೆ ಎಸೆದರೆ 23 ಬರಬಹುದು, 28 ಬರಬಹುದು. ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಬೇಕು. ನಡುವೆ ನೀರು ಜೋರು, ದಂಡೆಯ ಹತ್ತಿರ ಮೆಲ್ಲಗೆ. ಮೇಲ್ಮೈ ವೇಗಕ್ಕಿಂತ ಒಟ್ಟು ನೀರಿನ ವೇಗ ಕಡಿಮೆ, ಹಾಗಾಗಿ 0.85ರಿಂದ ಗುಣಿಸುವ ರೂಢಿ ಇದೆ.

ಮೊಬೈಲ್ ಇಲ್ಲದಿದ್ದರೂ ನಡೆಯುತ್ತದೆ. ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ಮೆಲ್ಲಗೆ ತೂಗಿಸಿ. ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು. ಕಲ್ಲು ದೊಡ್ಡದಿರಲಿ ಸಣ್ಣದಿರಲಿ ಅಷ್ಟೇ, ದಾರದ ಉದ್ದ ಬದಲಾದರೆ ಮಾತ್ರ ಹೊತ್ತು ಬದಲಾಗುತ್ತದೆ. ನಮ್ಮ ಹಿರಿಯರ ಘಳಿಗೆ 24 ನಿಮಿಷ, ದಿನಕ್ಕೆ 60 ಘಳಿಗೆ. ಮುಹೂರ್ತ ಕೇಳುವಾಗ ಮಾತ್ರ ನೆನಪಾಗುವ ಈ ಅಳತೆಯನ್ನೂ ಅದೇ ಪಾಠದಲ್ಲಿ ಸೇರಿಸಬಹುದು.

ಇನ್ನು ಗೋಕಾಕ ಫಾಲ್ಸ್. ಸುಮಾರು 52 ಮೀಟರ್ ಎತ್ತರ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಮೇಲಿನ ಹನಿ ತಳ ಮುಟ್ಟಲು 3.3 ಸೆಕೆಂಡು ಸಾಕು, ಆಗ ಅದರ ವೇಗ ಗಂಟೆಗೆ 115 ಕಿ.ಮೀ. ಹತ್ತಿರ! ಪ್ರತಿ ಸೆಕೆಂಡಿಗೆ ವೇಗ ಏರುತ್ತ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲಿದೆ? ಸೆಲ್ಫಿ ತೆಗೆದು ಬರುವ ಶಾಲಾ ಪ್ರವಾಸದಲ್ಲಿ ಹತ್ತು ನಿಮಿಷ ಇದಕ್ಕೆ ಕೊಡಲಿ.

ಈಗ ಪ್ರವಾಹಕ್ಕೆ ಬರೋಣ. 2019ರ ಆಗಸ್ಟಿನಲ್ಲಿ ಗೋಕಾಕದ ಮನೆಗಳಿಗೆ ನೀರು ನುಗ್ಗಿದ್ದು, ಲೋಳಸೂರ ಸೇತುವೆ ಮುಳುಗಿದ್ದು ಯಾರೂ ಮರೆತಿಲ್ಲ. ಹೊಳೆ ಸೆಕೆಂಡಿಗೆ 1.5 ಮೀಟರ್ ಓಡಿದರೆ 30 ಕಿ.ಮೀ. ದಾಟಲು ಐದೂವರೆ ಗಂಟೆ ಬೇಕು. ಮಕ್ಕಳ ಈ ಲೆಕ್ಕವೇ ಕೊನೆಯ ಮಾತಲ್ಲ. ತೇಲುವ ದಂಟಿಗಿಂತ ಏರುತ್ತಿರುವ ನೀರಿನ ಅಲೆ ಮುಂದೆ ಓಡುತ್ತದೆ, ಬೇಗ ಮುಟ್ಟುತ್ತದೆ. ದಾರಿಯಲ್ಲಿ ಹಿರಣ್ಯಕೇಶಿ, ಮಾರ್ಕಂಡೇಯ ಬಂದು ಸೇರುತ್ತವೆ. ಅದಕ್ಕೇ ಈ ಲೆಕ್ಕವನ್ನು ಎಂಜಿನಿಯರುಗಳು ಹಾಕಿ ಹೇಳಬೇಕು. ಕ್ಯುಸೆಕ್ ಜೊತೆಗೆ ‘ಇಂಥ ಊರಿಗೆ 4ರಿಂದ 6 ಗಂಟೆಯೊಳಗೆ’ ಅಂತ ಒಂದು ಸಾಲು ಸೇರಿಸಲಿ. ತಪ್ಪಿದರೆ ಜನ ಬೈಯುತ್ತಾರೆ ಎಂಬ ಅಂಜಿಕೆ ಇರಬಹುದು. ಇಂತಿಷ್ಟರಿಂದ ಇಂತಿಷ್ಟು ಅಂತ ಹೇಳಿದರೆ ರೈತರಿಗೆ ತಿಳಿಯುತ್ತದೆ, ಮಳೆಯ ಲೆಕ್ಕ ಅವರಿಗೆ ಹೊಸದಲ್ಲ.

ಪೋರ್ಶನ್ ಮುಗಿಯುವುದಿಲ್ಲ ಅನ್ನುವ ಮಾಸ್ತರರಿಗೂ ಒಂದು ಮಾತು: ಇದಕ್ಕೆ ಬೇಕಾದ್ದು ಎರಡು ಪಿರಿಯಡ್. ಆಮೇಲೆ ಶಾಲೆಯಲ್ಲಿ ಒಂದು ನೋಟುಬುಕ್ ಇಡಿ. ಡ್ಯಾಮಿನಿಂದ ನೀರು ಬಿಟ್ಟ ಹೊತ್ತು, ನಮ್ಮೂರಲ್ಲಿ ನೀರು ಏರಲು ಶುರುವಾದ ಹೊತ್ತು, ಇವೆರಡೇ ಕಾಲಂ. ಹೊಳೆಯ ಕಡೆ ದೊಡ್ಡವರು ನೋಡಿ ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಮೂರು ಮಳೆಗಾಲ ಕಳೆದ ಮೇಲೆ ಆ ನೋಟುಬುಕ್ಕನ್ನು ಗ್ರಾಮಸಭೆಗೆ ತನ್ನಿ, ಎಂಜಿನಿಯರ್ ಸಾಹೇಬರನ್ನೂ ಕರೆಯಿರಿ.