ಹುಲ್ಲುಮಲೆಯ ದಾರಿಯಲ್ಲಿ ಸಾಕುನಾಯಿ

ಬೆಳ್ತಂಗಡಿಯ ಬಯಲಿನಲ್ಲಿ ನಿಂತು ಮೂಡಣಕ್ಕೆ ಮುಖ ಮಾಡಿದವರಿಗೆ ಕುದುರೆಮುಖದ ಶ್ರೇಣಿಯು ಮುಗಿಲಿಗೆ ಒರಗಿಸಿಟ್ಟ ಹಸುರು ಗೋಡೆಯಂತೆ ಕಾಣುತ್ತದೆ. ಬುಡದಲ್ಲಿ ಅಡಕೆತೋಟ, ಅದರ ಮೇಲೆ ದಟ್ಟವಾದ ಕಾಡು, ಅದಕ್ಕೂ ಮೇಲೆ ಮರವೊಂದೂ ಇಲ್ಲದ ಹುಲ್ಲಿನ ಬೋಳುನೆತ್ತಿ. ಆ ನೆತ್ತಿಯ ಮಡಿಕೆಗಳಲ್ಲಿ, ನೀರು ಹರಿಯುವ ಕಣಿವೆಗಳಲ್ಲಿ ಮಾತ್ರ ಕುಳ್ಳಮರಗಳ ಶೋಲಾಕಾಡು ಅಡಗಿ ಕುಳಿತಿರುತ್ತದೆ. ವರ್ಷಕ್ಕೆ 6000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯನ್ನು ಈ ಹುಲ್ಲೂ ಈ ಶೋಲೆಯೂ ಹೀರಿಕೊಂಡು ಬೇಸಗೆಯವರೆಗೆ ತೊಟ್ಟಿಕ್ಕಿಸುವುದರಿಂದಲೇ ಬಂಟ್ವಾಳದ ಸೇತುವೆಯ ಕೆಳಗೆ ನೇತ್ರಾವತಿಯು ಹರಿಯುತ್ತಾಳೆ. ಇಂಗ್ಲೆಂಡಿನವರು ತಮ್ಮ ನಾಡಿನಲ್ಲಿ 'ಮೂರ್' ಎಂದು ಕರೆಯುವ, ಗಾಳಿ ಬೀಸುವ ಬಯಲುಗುಡ್ಡಗಳಿಗೆ ನಮ್ಮಲ್ಲಿ ಹೋಲಿಕೆಯನ್ನು ಹುಡುಕುವುದಾದರೆ ಅದು ಈ ಹುಲ್ಲುಮಲೆಯೇ ಸರಿ. ಉಲ್ಲಾಸ ಕಾರಂತರು 1980ರ ದಶಕದಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆಯು ಇಲ್ಲಿನ ಕಾಡಿನ ಹಿರಿಮೆಯನ್ನು ಲೋಕಕ್ಕೆ ತಿಳಿಸಿತು. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವೆನಿಸಿತು.

ಒಂದು ಕಾಲದಲ್ಲಿ ದನಗಾಹಿಗಳೂ ಮಲೆಕುಡಿಯರೂ ಮಾತ್ರ ತುಳಿಯುತ್ತಿದ್ದ ದಾರಿಗಳಲ್ಲಿ ಇಂದು ಚಾರಣಿಗರ ಸಾಲು. ಗಡಾಯಿಕಲ್ಲಿನ ಮೆಟ್ಟಿಲುಗಳಲ್ಲಿ, ಬಂಡಾಜೆ ಅರ್ಬಿಯ ಏರಿನಲ್ಲಿ, ಕುದುರೆಮುಖದ 1894 ಮೀಟರಿನ ಶಿಖರಕ್ಕೆ ಹೋಗುವ ಹುಲ್ಲುಹಾದಿಯಲ್ಲಿ ರಜೆಯ ದಿನಗಳಂದು ಜಾತ್ರೆಯ ಸಂಭ್ರಮ. ಇವರ ಜೊತೆಯಲ್ಲಿ ನಾಯಿಯೂ ಬರತೊಡಗಿದೆ. ಒಂದು ಬಗೆಯದು ನಗರದಿಂದ ಕಾರಿನಲ್ಲಿ ಬಂದ ನಾಯಿ. ಇದಕ್ಕೆ ಕೊರಳಪಟ್ಟಿಯೂ ಹೆಸರೂ ಉಂಟು. ಇನ್ನೊಂದು ಬಗೆಯದು ಬೆಟ್ಟದ ಬುಡದ ಕೊನೆಯ ಮನೆಯಿಂದಲೋ ಚಹದಂಗಡಿಯಿಂದಲೋ ಒಂದು ಬಿಸ್ಕತ್ತಿನ ಆಸೆಗೆ ಹಿಂಬಾಲಿಸುವ ಹಳ್ಳಿಯ ನಾಯಿ. ಮೊದಲನೆಯದನ್ನು ಕಾವಲಿನವರು ತಡೆದಾರು. ಎರಡನೆಯದನ್ನು ತಡೆಯುವವರು ಯಾರು? ಚಾರಣಿಗರು ಅದಕ್ಕೊಂದು ಮುದ್ದಿನ ಹೆಸರಿಟ್ಟು ಕರೆದೊಯ್ಯುತ್ತಾರೆ, ಅದರೊಡನೆ ಚಿತ್ರ ತೆಗೆಸಿಕೊಳ್ಳುತ್ತಾರೆ, 'ದಾರಿ ತೋರಿಸಿತು' ಎಂದು ಹೊಗಳುತ್ತಾರೆ.

ಪ್ರೀತಿಯನ್ನು ಅಲ್ಲಗಳೆಯಬೇಕಾದುದಿಲ್ಲ. ನಾಯಿಯೊಡನೆ ನಡೆದವರಿಗೆ ನಡಿಗೆಯ ಸೊಗಸು ಇಮ್ಮಡಿಯಾಗುತ್ತದೆ; ಮನುಷ್ಯನ ಮೂಗಿಗೆ ಎಟುಕದ ನೂರು ವಾರ್ತೆಗಳನ್ನು ಅದು ಓದುತ್ತ ಸಾಗುವುದನ್ನು ನೋಡುವುದೇ ಒಂದು ಪಾಠ. ಈ ಮಾತು ಬಂದಾಗಲೆಲ್ಲ ಧರ್ಮರಾಯನ ಮಹಾಪ್ರಸ್ಥಾನವನ್ನು ಉದಾಹರಿಸುವುದು ನಮ್ಮಲ್ಲಿ ರೂಢಿ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲೊಲ್ಲೆನೆಂದ ಆತನ ಕತೆ ಯಾರಿಗೆ ತಿಳಿಯದು? ಆದರೆ ಆ ಕತೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ. ನಾಯಿಯು ತಾನಾಗಿ ಹಿಂಬಾಲಿಸಿತ್ತು. ಹಿಂಬಾಲಿಸಿದ ಜೀವಕ್ಕೆ ತಾನು ಹೊಣೆಯೆಂದು ಧರ್ಮರಾಯ ತಿಳಿದನು. ಬಿಸ್ಕತ್ತು ಎಸೆದು ಶಿಖರದವರೆಗೆ ಕರೆದೊಯ್ದು, ಇಳಿಯುವಾಗ ಬೇರೆ ದಾರಿ ಹಿಡಿದು, ಅಪರಿಚಿತ ಊರಿನಲ್ಲಿ ನಾಯಿಯನ್ನು ಬಿಟ್ಟು ವ್ಯಾನು ಹತ್ತುವವರು ಆತನ ಹೆಸರನ್ನು ಹೇಳದಿರುವುದೇ ಲೇಸು.

ತುಳುನಾಡಿನ ಕಾಡಿಗೆ ನಾಯಿ ಹೊಸದೇನಲ್ಲ. ಕೆಡ್ಡಸದ ದಿನಗಳಲ್ಲಿ ನಾಯಿಗಳನ್ನು ಕಟ್ಟಿಕೊಂಡು ಬೇಟೆಗೆ ಹೊರಡುವುದು ಹಿಂದೆ ಊರೂರಿನ ವಾಡಿಕೆಯಾಗಿತ್ತು. ಅತ್ತ ನೀಲಗಿರಿಯ ಹುಲ್ಲುಗಾವಲುಗಳಲ್ಲಿ ಬ್ರಿಟಿಷರು ಕುದುರೆಯೇರಿ, ಬೇಟೆನಾಯಿಗಳ ಹಿಂಡನ್ನು ಬಿಟ್ಟು ನರಿಗಳನ್ನು ಅಟ್ಟಿದರು. ಎಂದರೆ ನಾಯಿಯು ಈ ಮಲೆಗಳಿಗೆ ಬಂದುದು ಬೇಟೆಯ ಜೊತೆಗಾರನಾಗಿ. ಒಡೆಯನು ಇಂದು ಕೋವಿಯನ್ನು ಬಿಟ್ಟು ಕ್ಯಾಮರಾ ಹಿಡಿದಿರಬಹುದು; ಕಡವೆಗೆ ಆ ಭೇದ ತಿಳಿಯದು. ಅದರ ಪಾಲಿಗೆ ನಾಯಿಯ ವಾಸನೆಯೆಂದರೆ ಬೆನ್ನಟ್ಟುವವನ ವಾಸನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 'ಬೇಟೆ' ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕೊಲ್ಲುವುದು ಮಾತ್ರವಲ್ಲ, ಬೆನ್ನಟ್ಟುವುದೂ ಸೇರಿದೆ. ಮೊಲದ ಹಿಂದೆ ನಾಯಿ ಓಡಿದಾಗ 'ಪಾಪ, ಆಟವಾಡುತ್ತಿದೆ' ಎಂದು ನಗುವವರು ಈ ಅರ್ಥವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಹಗ್ಗ ಹಾಕಿ ಹಿಡಿದುಕೊಂಡರಾಯಿತಲ್ಲ ಎಂಬ ವಾದವುಂಟು. ಇಂಗ್ಲೆಂಡಿನಲ್ಲಿ ಜನರಿಗೆ ತೆರೆದಿಟ್ಟ ಬಯಲುಗುಡ್ಡಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಎರಡು ಮೀಟರಿಗಿಂತ ಉದ್ದವಲ್ಲದ ಹಗ್ಗದಲ್ಲಿ ಹಿಡಿದಿರಬೇಕೆಂದು 2000ದ ಕಾಯಿದೆ ವಿಧಿಸುತ್ತದೆ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳ ಮರಿಗಾಲ ಅದು. ನಮ್ಮ ಹುಲ್ಲುಮಲೆಯಲ್ಲೂ ನೆಲಗುಬ್ಬಿಯ ಜಾತಿಯ ಹಕ್ಕಿಗಳು ಹುಲ್ಲಿನ ಬುಡದಲ್ಲೇ ಮೊಟ್ಟೆಯಿಡುತ್ತವೆ. ಹಗ್ಗವಿಲ್ಲದ ನಾಯಿಗಿಂತ ಹಗ್ಗವಿರುವ ನಾಯಿ ಮೇಲೆಂಬುದು ನಿಜ. ಆದರೂ ಆಸ್ಟ್ರೇಲಿಯದ ಸಿಡ್ನಿಯ ಬಳಿಯ ಕಾಡುದಾರಿಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡುದೇನೆಂದರೆ, ಹಗ್ಗದಲ್ಲಿ ಹಿಡಿದ ನಾಯಿ ಸಾಗಿದ ದಾರಿಯಲ್ಲಿ ಹಕ್ಕಿಗಳ ಸಂಖ್ಯೆ ಶೇಕಡ 41ರಷ್ಟೂ ಜಾತಿಗಳು ಶೇಕಡ 35ರಷ್ಟೂ ಕಡಮೆಯಾಗಿದ್ದವು. ಬರಿಯ ಮನುಷ್ಯರು ನಡೆದ ದಾರಿಯಲ್ಲಿ ಅಷ್ಟು ಕಡಮೆಯಾಗಿರಲಿಲ್ಲ. ಹಗ್ಗವು ನಾಯಿಯ ಕಾಲನ್ನು ತಡೆಯಬಲ್ಲುದು. ಅದರ ಇರವನ್ನು ಮರೆಮಾಡಲಾರದು.

ಇದಕ್ಕಿಂತ ಗಂಭೀರವಾದುದು ರೋಗದ ಮಾತು. ಇಥಿಯೋಪಿಯದ ಬಾಲೆ ಪರ್ವತಗಳ ಮೇಲೆ ನಮ್ಮ ಕುದುರೆಮುಖಕ್ಕಿಂತ ಎಷ್ಟೋ ಎತ್ತರದಲ್ಲಿ ವಿಶಾಲವಾದ ಬೋಳುಗುಡ್ಡಗಳಿವೆ. ಲೋಕದಲ್ಲಿ ಕೆಲವು ನೂರು ಮಾತ್ರ ಉಳಿದಿರುವ ಇಥಿಯೋಪಿಯದ ಕೆಂದೋಳಗಳ ಮುಖ್ಯ ನೆಲೆ ಅದು. ದನಗಾಹಿಗಳ ನಾಯಿಗಳಿಂದ ತಗುಲಿದ ಹುಚ್ಚುರೋಗವು 2003-04ರಲ್ಲಿ ಅಲ್ಲಿಯ ಒಂದು ಕಣಿವೆಯ ತೋಳಗಳಲ್ಲಿ ಮುಕ್ಕಾಲು ಪಾಲನ್ನು ಒಯ್ದಿತು. ಗುಜರಾತಿನ ಗಿರ್ ಅರಣ್ಯದಲ್ಲಿ 2018ರಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಸಾಮಾನ್ಯವಾಗಿ ನಾಯಿಗಳಲ್ಲಿ ಕಾಣುವ ಡಿಸ್ಟೆಂಪರ್ ವೈರಾಣು ಅವುಗಳಲ್ಲಿ ಪತ್ತೆಯಾಯಿತು. ಕುದುರೆಮುಖದ ಕಾಡಿನಲ್ಲಿ ಕೆನ್ನಾಯಿ ಇದೆ. ಬೊಗಳದೆ ಸಿಳ್ಳಿನ ದನಿಯಲ್ಲಿ ಮಾತಾಡಿಕೊಳ್ಳುವ, ಹಿಂಡುಕಟ್ಟಿ ಬಾಳುವ ಈ ಪ್ರಾಣಿಯು ಇಡೀ ಲೋಕದಲ್ಲಿ ಪ್ರಾಯಕ್ಕೆ ಬಂದವುಗಳ ಲೆಕ್ಕದಲ್ಲಿ 2500ನ್ನು ಮೀರದೆಂದು ತಜ್ಞರ ಅಂದಾಜು. ಹಿಂಡಿನ ಒಂದಕ್ಕೆ ರೋಗ ಹತ್ತಿದರೆ ಉಳಿದವುಗಳಿಗೂ ಹತ್ತಿತೆಂದೇ ತಿಳಿಯಬೇಕು. ಹೊರನೋಟಕ್ಕೆ ಆರೋಗ್ಯವಾಗಿರುವ ನಾಯಿಯ ಮಲದಿಂದ ಪಾರ್ವೊ ವೈರಾಣುವು ತಂಪು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲುದು. ಬೆಟ್ಟ ಹತ್ತಿ ಇಳಿದವರು ಪ್ಲಾಸ್ಟಿಕ್ಕನ್ನು ಹೆಕ್ಕಿ ತಂದೆವೆಂದು ಹೆಮ್ಮೆಪಡುತ್ತಾರೆ, ಪಡಲಿ. ನಾಯಿ ಬಿಟ್ಟುಬಂದುದನ್ನು ಹೆಕ್ಕುವವರು ವಿರಳ.

ನಾಯಿಯ ಹಿತವನ್ನೇ ಎಣಿಸಿದರೂ ಲೆಕ್ಕ ಬೇರೆಯಾಗದು. ಚಿರತೆಗೆ ನಾಯಿ ಪ್ರಿಯವಾದ ಆಹಾರ. ಹಂದಿಗೆಂದು ಕಾಡಿನಂಚಿನಲ್ಲಿ ಒಡ್ಡಿದ ಉರುಳಿಗೆ ನಾಯಿಯ ಕೊರಳೂ ಸಿಗುತ್ತದೆ. ಹುಲ್ಲಿನಲ್ಲಿ ಮಲಗಿದ್ದ ಕಾಟಿಯನ್ನು ನಾಯಿಯು ಬೊಗಳಿ ಎಬ್ಬಿಸಿದರೆ, ಅದು ಓಡಿ ಬಂದು ಅಡಗುವುದು ಒಡೆಯನ ಕಾಲಬುಡದಲ್ಲಿ; ಅದರ ಬೆನ್ನ ಹಿಂದೆ ಕಾಟಿಯೂ ಬರುತ್ತದೆ.

ಕಾಡಿನೊಳಗೆ ತಲೆಮಾರುಗಳಿಂದ ಬಾಳುವ ಮಲೆಕುಡಿಯರ ಮನೆಗಳಲ್ಲಿ ನಾಯಿಗಳಿಲ್ಲವೇ, ಅವುಗಳನ್ನು ಬಿಟ್ಟು ಚಾರಣಿಗನ ನಾಯಿಯನ್ನೇಕೆ ದೂರಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಒಂಟಿಮನೆಯವರಿಗೆ ನಾಯಿಯು ಕಾವಲು. ರಾತ್ರಿಯ ಹೊತ್ತು ಅಂಗಳಕ್ಕೆ ಏನು ಬಂತೆಂದು ಹೇಳುವುದು ಅದೊಂದೇ. ಅವಶ್ಯಕತೆಯನ್ನೂ ವಿನೋದವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕಾಡಂಚಿನ ಆ ನಾಯಿಗಳಿಗೆ ವರ್ಷವರ್ಷವೂ ತಪ್ಪದೆ ಲಸಿಕೆ ಹಾಕಿಸುವುದು ಮನೆಗೂ ಕಾಡಿಗೂ ಕ್ಷೇಮ. ಶಾಲೆಗಳಿಗೆ ಉದಾರವಾಗಿ ಕೊಡುವ ದಾನಿಗಳು ಬೆಟ್ಟದ ಬುಡದ ಒಂದೆರಡು ಗ್ರಾಮಗಳಲ್ಲಿ ಇಂಥ ಲಸಿಕೆಯ ದಿನವೊಂದನ್ನು ನಡೆಸಲು ಮುಂದಾದರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಲು ಅಲ್ಲಿ ಜಾಗವಿಲ್ಲದಿದ್ದರೂ, ಕೆಲಸ ಸಾರ್ಥಕವಾದೀತು.

ನಾಯಿಯೊಡನೆ ನಡೆಯಬಯಸುವವರಿಗೆ ಈ ಸೀಮೆಯಲ್ಲಿ ದಾರಿಗಳಿಗೆ ಬರವಿಲ್ಲ. ಮೂಡಬಿದಿರೆಯ ಸುತ್ತಿನ ಮುರಕಲ್ಲಿನ ಪದವುಗಳಲ್ಲಿ ಮಳೆ ನಿಂತ ಮೇಲಿನ ಬೆಳಗು ಕುದುರೆಮುಖಕ್ಕೆ ಸೋಲುವಂಥದಲ್ಲ. ಅಲ್ಲಿಯೂ ಟಿಟ್ಟಿಭವು ಕಲ್ಲಿನ ನಡುವೆ ಮೊಟ್ಟೆಯಿಡುವುದರಿಂದ ಹಗ್ಗವನ್ನು ಬಿಡುವಂತಿಲ್ಲ ಎಂಬುದಷ್ಟೇ ನಿಬಂಧನೆ. ಬಂಟ್ವಾಳದ ಹೊಳೆಬದಿಯ ಹಾದಿಗಳಿವೆ, ತೋಟದ ನಡುವಣ ಮಣ್ಣುರಸ್ತೆಗಳಿವೆ. ಕಾರಿಂಜದ ಬೆಟ್ಟಕ್ಕೆ ಮಾತ್ರ ನಾಯಿಯನ್ನು ಒಯ್ಯದಿರುವುದು ಮೇಲು. ಅಲ್ಲಿಯ ಕೋತಿಗಳ ಸೈನ್ಯಕ್ಕೆ ಅದು ಒಬ್ಬಂಟಿಯಾಗಿ ಈಡಾದೀತು.

ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರು ಬೆಟ್ಟದ ಬುಡದಲ್ಲಿ ಮಾಡಬಹುದಾದ ಕೆಲಸ ಬಹಳ ಸಣ್ಣದು. ಕೊನೆಯ ಮನೆಯನ್ನು ದಾಟುವ ಮೊದಲು ಬುತ್ತಿಯ ಗಂಟನ್ನು ಯಾರೂ ಬಿಚ್ಚದಂತೆ ನೋಡಿಕೊಳ್ಳುವುದು. ನಾಯಿ ಹಿಂಬಾಲಿಸಿದರೆ ಮಾತಾಡಿಸದೆ, ಕಲ್ಲನ್ನೂ ಎಸೆಯದೆ, ಮನೆಯವರನ್ನು ಕರೆದು ಅರ್ಧ ದಿನ ಕಟ್ಟಿಹಾಕುವಂತೆ ಕೇಳಿಕೊಳ್ಳುವುದು. ಮಕ್ಕಳು ಕಾರಣ ಕೇಳುತ್ತಾರೆ. ಉತ್ತರವನ್ನು ಹುಲ್ಲಿನ ನೆತ್ತಿ ತಲಪಿದ ಮೇಲೆ, ಕಡವೆಯ ಹೆಜ್ಜೆಯ ಪಕ್ಕದಲ್ಲಿ ಅವರನ್ನು ಕೂರಿಸಿ ಹೇಳಬಹುದು.