ರಜೆ ಕೇಳಬೇಕಾದ್ದು ಕಡಲನ್ನು

ಮಳೆಗಾಲ ಕಳೆಯಿತೆಂದರೆ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಕರಾವಳಿಗೆ ಹೊರಡುವ ಸ್ಲೀಪರ್ ಬಸ್ಸುಗಳಲ್ಲಿ ಒಂದು ಹೊಸ ಜಾತಿಯ ಯಾತ್ರಿಕರು ಕಾಣಸಿಗುತ್ತಾರೆ. ಟಿಕೆಟ್ ಮುರುಡೇಶ್ವರದ್ದೇ, ಆದರೆ ಮನಸ್ಸು ಇರುವುದು ನೇತ್ರಾಣಿಯಲ್ಲಿ. ಅವರ ಲೆಕ್ಕ ಹೀಗಿರುತ್ತದೆ: ಶನಿವಾರ ಬೆಳಗ್ಗೆ ಬಸ್ಸಿಳಿದು ಮುಖ ತೊಳೆದು ದೋಣಿ ಹತ್ತುವುದು, ಮಧ್ಯಾಹ್ನಕ್ಕೆ ಸ್ಕೂಬಾ ಮುಗಿಸುವುದು, ಸಂಜೆ ರೆಸಾರ್ಟಿನ ಅಂಗಳದಲ್ಲಿ ಹಾಡು ಕುಣಿತ, ಭಾನುವಾರ ರಾತ್ರಿ ಮತ್ತೆ ಬಸ್ಸು, ಸೋಮವಾರ ಹತ್ತಕ್ಕೆ ಲಾಗಿನ್. ವಾಟ್ಸ್ಆ್ಯಪ್ ಗುಂಪಿನಲ್ಲಿ ಎಂಟು ಜನರ ರಜೆ ಹೊಂದಿಸಲು ಹದಿನೈದು ದಿನ ಚರ್ಚೆ ನಡೆದಿರುತ್ತದೆ. ಕಡಲಿಗೆ ಆ ದಿನ ಬಿಡುವಿದೆಯೇ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ನೇತ್ರಾಣಿ ಇರುವುದು ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ. ಭಟ್ಕಳ ತಾಲ್ಲೂಕಿಗೆ ಸೇರಿದ ಈ ಪುಟ್ಟ ದ್ವೀಪ ಮೇಲಿನಿಂದ ನೋಡಿದರೆ ಹೃದಯದ ಆಕಾರದಲ್ಲಿದೆ. ಪಾರಿವಾಳ ದ್ವೀಪ ಎಂಬ ಹೆಸರೂ ಉಂಟು. ಮೀನುಗಾರರು ಹರಕೆ ಹೊತ್ತು ಬಿಟ್ಟುಬಂದ ಆಡುಗಳು ಅದರ ಮೇಲೆ ಮೇಯುತ್ತವೆ, ಬಿಳಿಹೊಟ್ಟೆಯ ಕಡಲ ಗಿಡುಗ ಗೂಡು ಕಟ್ಟುತ್ತದೆ. ನೌಕಾಪಡೆ ಇದೇ ಬಂಡೆಗಳ ಮೇಲೆ ಗುಂಡು ಹಾರಿಸಿ ಗುರಿಯಭ್ಯಾಸ ನಡೆಸಿದ್ದೂ ಉಂಟು. ಅದಕ್ಕೆ ಪರಿಸರಾಸಕ್ತರು ವಿರೋಧ ಒಡ್ಡಿದ್ದರು. 2022ರ ಅಕ್ಟೋಬರ್‌ನಲ್ಲಿ ‘ಗಂಧದ ಗುಡಿ’ ತೆರೆಗೆ ಬಂದು, ಪುನೀತ್ ರಾಜ್‌ಕುಮಾರ್ ಇಲ್ಲಿನ ನೀರಿಗಿಳಿದದ್ದನ್ನು ಕಂಡ ಮೇಲಂತೂ ಕರಾವಳಿಯ ಗಂಧವಿಲ್ಲದ ಮನೆಗಳಲ್ಲೂ ನೇತ್ರಾಣಿಯ ಹೆಸರು ಓಡಾಡಿತು. ಅದು ಒಳ್ಳೆಯದೇ. ಹವಳ ನೋಡಬೇಕೆಂದರೆ ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೋಗಬೇಕು ಎಂದುಕೊಂಡಿದ್ದ ಕನ್ನಡಿಗರಿಗೆ ತಮ್ಮದೇ ಜಿಲ್ಲೆಯೊಂದರ ನೀರಡಿಯಲ್ಲಿ ಗಿಳಿಮೀನು, ಚಿಟ್ಟೆಮೀನು, ಹಾವಿನಂಥ ಮೊರೆ ಈಲ್ ಇರುವುದು ಗೊತ್ತಾಯಿತು.

ಆದರೆ ವಾರಾಂತ್ಯವೆಂಬುದು ಕಡಲಿನ ಪಂಚಾಂಗದಲ್ಲಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಡೈವಿಂಗ್ ನಿಂತೇ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯೂ ಬಂದ್. ತಲೆತಲಾಂತರದಿಂದ ಕಡಲಲ್ಲೇ ಬದುಕಿದವರೇ ದೋಣಿ ಎಳೆದು ದಡಕ್ಕೆ ಹಾಕಿ ಬಲೆ ರಿಪೇರಿಗೆ ಕೂತಿರುವಾಗ, ಟೆಕ್ಕಿಯೊಬ್ಬ ಜುಲೈನಲ್ಲಿ ಫೋನು ಮಾಡಿ ‘ಒಂದೇ ಒಂದು ಟ್ರಿಪ್ ಆಗಲ್ವಾ ಸರ್?’ ಎಂದು ಕೇಳುವುದುಂಟು. ಜುಲೈನಲ್ಲಿ ರಜೆ ಸಿಕ್ಕವರು ಹೊನ್ನಾವರದಿಂದ ಘಟ್ಟ ಹತ್ತಿ ಜೋಗಕ್ಕೆ ಹೋಗಲಿ. ಆಗ ನೀರನ್ನು ನೋಡಬೇಕಾದ ಜಾಗ ಅದು.

ಹಂಗಾಮಿನ ಎರಡು ತುದಿಗಳನ್ನೂ ನಂಬುವಂತಿಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದದ್ದು ಕ್ಯಾರ್ ಚಂಡಮಾರುತ. 2021ರ ಮೇ ನಡುವಿನಲ್ಲಿ ಕರ್ನಾಟಕದ ಕರಾವಳಿಯನ್ನು ಸವರಿಕೊಂಡು ಹೋದದ್ದು ತೌಕ್ತೆ. ಎರಡೂ ಬಂದದ್ದು ಡೈವಿಂಗ್ ಹಂಗಾಮು ಎಂದು ಜಾಹೀರಾತಿನಲ್ಲಿ ಬರೆದಿರುವ ತಿಂಗಳುಗಳಲ್ಲೇ. ಮಳೆ ನಿಂತ ಮೊದಲ ವಾರಗಳಲ್ಲಿ ನದಿಗಳು ತಂದು ಸುರಿದ ಮಣ್ಣು ಇನ್ನೂ ತಳಕ್ಕೆ ಕೂತಿರುವುದಿಲ್ಲ, ನೀರಡಿಯಲ್ಲಿ ಕೈಯಳತೆಯ ಆಚೆಗಿನದು ಮಸುಕು. ತಿಳಿ ನೀರು ಬೇಕೆಂದರೆ ಡಿಸೆಂಬರ್, ಜನವರಿ. ಅದರಲ್ಲೂ ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ನೂಕುನುಗ್ಗಲು ಬಿಟ್ಟು, ಜನವರಿ ನಡುವಿನ ಒಂದು ಮಂಗಳವಾರವೋ ಬುಧವಾರವೋ ಸಿಕ್ಕರೆ ಅದೇ ಪುಣ್ಯ.

ಆ ಮಂಗಳವಾರವೂ ಗಾಳಿ ಎದ್ದರೆ ದೋಣಿ ಹೊರಡುವುದಿಲ್ಲ, ಹೊರಡಲೂ ಕೂಡದು. ಇಡೀ ಯೋಜನೆ ಕುಸಿಯುವುದು ಇಲ್ಲಿ. ಒಂದೇ ದಿನವನ್ನು ನಂಬಿ ಬಂದವರು ದಕ್ಕೆಯಲ್ಲಿ ನಿಂತು ಜಗಳಕ್ಕಿಳಿಯುತ್ತಾರೆ, ಕಟ್ಟಿದ ದುಡ್ಡು ವಾಪಸು ಕೇಳುತ್ತಾರೆ. ಆ ಒತ್ತಡಕ್ಕೆ ಬಗ್ಗುವ ದೋಣಿಯವನಿಗಿಂತ, ‘ಇವತ್ತು ಆಗೂದಿಲ್ಲ, ನಾಳೆ ನೋಡ್ವ’ ಎನ್ನುವವನೇ ಮೇಲು. ರಿಫಂಡ್ ನಿಯಮ ಏನು, ಮರುದಿನಕ್ಕೆ ಜಾಗ ಕೊಡುತ್ತಾರೆಯೇ ಎಂಬುದನ್ನು ಮುಂಗಡ ಕಟ್ಟುವಾಗಲೇ ಬರಹದಲ್ಲಿ ಪಡೆದುಕೊಂಡರೆ ದಕ್ಕೆಯ ಮೇಲಿನ ಅರ್ಧ ಜಗಳ ತಪ್ಪುತ್ತದೆ. ಒಂದು ಡೈವಿಗೆ ಎರಡು ದಿನ ಎತ್ತಿಡುವುದು ದುಂದುಗಾರಿಕೆಯಂತೆ ಕಂಡೀತು. ಆದರೆ ಅದು ಬಸ್ಸಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು, ಸ್ಕೂಬಾ ಮಾಡದೆ ವಾಪಸು ಬರುವುದಕ್ಕಿಂತ ಅಗ್ಗ.

ಇನ್ನು ನೀರಿಗಿಳಿಯುವ ಸಂಗತಿ. ಒಂದೂವರೆ ಗಂಟೆಯ ದೋಣಿ ಪ್ರಯಾಣದಲ್ಲಿ ಅರ್ಧದಷ್ಟು ಜನರ ಮುಖ ಬಾಡಿರುತ್ತದೆ. ಹಿಂದಿನ ರಾತ್ರಿ ಬಸ್ಸಿನಲ್ಲಿ ಕುಲುಕಾಡಿ ಬಂದವರದು ಇನ್ನೂ ಬೇಗ. ದ್ವೀಪದ ಬಳಿ ಲಂಗರು ಹಾಕಿದ ಮೇಲೆ ಬೆನ್ನಿಗೆ ಸಿಲಿಂಡರು, ಸೊಂಟಕ್ಕೆ ಸೀಸದ ತೂಕ. ಮುಖವಾಡದ ಗಾಜಿನ ಒಳಗೆ ಉಗುಳಿ ಬೆರಳಿನಿಂದ ಉಜ್ಜಿ ಕಡಲ ನೀರಲ್ಲಿ ಅಲುಬುತ್ತಾರೆ. ಮಂಜು ಕಟ್ಟದಿರಲು ಇಷ್ಟು ಕಾಲವಾದರೂ ಇದಕ್ಕಿಂತ ಅಗ್ಗದ ಉಪಾಯ ಹುಟ್ಟಿಲ್ಲ. ನೀರೊಳಗೆ ಮಾತಿಲ್ಲ, ಕೈಸನ್ನೆಯೇ ಭಾಷೆ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಬೇಕು. ಕ್ಯಾಮೆರಾ ಕಂಡೊಡನೆ ಖುಷಿಗೆ ಹೆಬ್ಬೆರಳು ಎತ್ತಿದರೆ ಅದರ ಅರ್ಥ ‘ಮೇಲಕ್ಕೆ ಹೋಗೋಣ’ ಎಂದು. ಹಾಗೆ ಹೆಬ್ಬೆರಳೆತ್ತಿದವರನ್ನು ತರಬೇತುದಾರರು ವಿಧೇಯವಾಗಿ ಮೇಲಕ್ಕೆ ಕರೆತಂದರೆ ದೂರುವಂತಿಲ್ಲ.

ಈಜು ಬಾರದವರೂ ಇಳಿಯಬಹುದು, ಅದು ಸುಳ್ಳಲ್ಲ. ಮೊದಲ ಸಲದವರಿಗೆ 12 ಮೀಟರ್ ಆಳವೇ ಗಡಿ. ತರಬೇತಿ ಮುಗಿಸಿ ಓಪನ್ ವಾಟರ್ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್. ಈಜಿಗಿಂತ ಮುಖ್ಯ ಕಿವಿ ಮತ್ತು ಶ್ವಾಸಕೋಶ. ಹತ್ತು ಮೀಟರ್ ಇಳಿದರೆ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ಕಿವಿಯೊಳಗಿನ ಗಾಳಿ ಅದಕ್ಕೆ ಸರಿಹೊಂದಲು ಮೂಗು ಹಿಡಿದು ಮೆಲ್ಲಗೆ ಊದಬೇಕು, ಅದೂ ನೋವು ಶುರುವಾಗುವ ಮೊದಲೇ. ನೆಗಡಿಯಿಂದ ಮೂಗು ಕಟ್ಟಿದ್ದರೆ ಇದು ಆಗದು. ಹಟ ಮಾಡಿದರೆ ಕಿವಿಯ ತಮಟೆಗೇ ಪೆಟ್ಟು. ಮೇಲೇರುವಾಗ ಉಸಿರು ಬಿಗಿಹಿಡಿದರೆ, ಆಳದಲ್ಲಿ ಎಳೆದುಕೊಂಡ ಗಾಳಿ ಹಿಗ್ಗುತ್ತ ಶ್ವಾಸಕೋಶವನ್ನೇ ಹರಿಯಬಲ್ಲದು. ಹಾಗಾಗಿ ಆರೋಗ್ಯದ ಅರ್ಜಿಯಲ್ಲಿ ಅಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ ಎಂಬ ಪ್ರಶ್ನೆಗಳಿಗೆಲ್ಲ ಓದದೆ ‘ಇಲ್ಲ’ ಎಂದು ಗೀಚಿ ಸಹಿ ಹಾಕುವುದು ಜಾಣತನವಲ್ಲ. ಆ ಕಾಗದ ಊರಲ್ಲೇ ತರಿಸಿಕೊಂಡು, ಅನುಮಾನವಿದ್ದರೆ ವೈದ್ಯರಿಗೆ ತೋರಿಸಿ ಹೊರಡಬೇಕು.

ಹೊರಡುವ ದಿನದ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಮರಳುವ ದಿನ ಯಾರಿಗೂ ಲೆಕ್ಕಕ್ಕಿಲ್ಲ. ಡೈವಿಂಗ್ ಆದ ಮೇಲೆ ತಕ್ಷಣ ವಿಮಾನ ಹತ್ತಬಾರದು ಎಂಬುದನ್ನು ಹಲವರು ಕೇಳಿರುತ್ತಾರೆ. ಒತ್ತಡದಲ್ಲಿ ರಕ್ತ, ಮಾಂಸಗಳಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಗಾಳಿಯ ಒತ್ತಡ ಇಳಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಅದು ಗುಳ್ಳೆಯಾಗುತ್ತದೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆಯಂತೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾಗಿದ್ದರೆ 18 ಗಂಟೆ ಬಿಡುವು ಬೇಕು. ಈ ಸಲಹೆ ಅನ್ವಯಿಸುವುದು 2,000 ಅಡಿಯ ಮೇಲಿನ ಒತ್ತಡಕ್ಕೆ. ಬೆಂಗಳೂರು ಇರುವುದೇ ಸುಮಾರು 3,000 ಅಡಿಯಲ್ಲಿ! ಅಂದರೆ ಕನ್ನಡ ನಾಡಿನ ಡೈವರ್‌ಗೆ ವಿಮಾನವೇ ಬೇಕಿಲ್ಲ. ಗೇರುಸೊಪ್ಪೆಯ ಘಟ್ಟ ಹತ್ತಿ ಸಾಗರ, ಶಿವಮೊಗ್ಗ, ತುಮಕೂರು ದಾಟುವ ಕಾರೇ ಸಾಕು. ಶನಿವಾರ ಒಮ್ಮೆ ಹತ್ತು ಮೀಟರ್ ಇಳಿದು ಭಾನುವಾರ ರಾತ್ರಿ ಹೊರಟವರು ಹೆದರಬೇಕಾಗಿಲ್ಲ. ಆದರೆ ಪ್ರಮಾಣಪತ್ರ ಪಡೆದು, ಎರಡು ದಿನದಲ್ಲಿ ನಾಲ್ಕು ಡೈವ್ ಮಾಡಿ, ಭಾನುವಾರ ಮಧ್ಯಾಹ್ನದ ಊಟ ಮುಗಿಸಿದ್ದೇ ಸ್ಟೀರಿಂಗ್ ಹಿಡಿಯುವವರು ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನಲ್ಲಿರುತ್ತಾರೆ. 18 ಗಂಟೆ ಎಲ್ಲಿ ಬಂತು?

ವಿಚಿತ್ರವೆಂದರೆ, ಇಷ್ಟೆಲ್ಲ ಅರ್ಜಿ, ಸಹಿ, ತರಬೇತುದಾರ ಇರುವುದು ದೂರದ ಆಳ ನೀರಿಗೆ. ರೆಸಾರ್ಟಿನ ಎದುರಿನ ಸೊಂಟದುದ್ದದ ನೀರಿಗೆ ಯಾವ ಅರ್ಜಿಯೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲತೀರದಲ್ಲಿ ನೀರುಪಾಲಾದರು. ಆಮೇಲೆ ಕೆಲಕಾಲ ಆ ಬೀಚಿಗೆ ಪ್ರವಾಸಿಗರ ಪ್ರವೇಶ ನಿಲ್ಲಿಸಲಾಯಿತು. ಕೆರೆ, ಕಾಲುವೆಗಳ ನಾಡಿನಿಂದ ಬಂದವರ ಕಣ್ಣಿಗೆ ಅಲೆ ಒಡೆಯುವ ಜಾಗ ಅಪಾಯ, ಅಲೆ ಒಡೆಯದ ಶಾಂತ ಪಟ್ಟಿ ಕ್ಷೇಮ ಎಂದು ತೋರುತ್ತದೆ. ನಿಜ ಹೆಚ್ಚಾಗಿ ಇದಕ್ಕೆ ತಿರುವುಮುರುವು. ದಡಕ್ಕೆ ಬಂದ ನೀರು ಮರಳಿ ಒಳಕ್ಕೆ ಓಡುವ ಕಾಲುವೆ ಆ ಶಾಂತ ಪಟ್ಟಿಯೇ ಆಗಿರಬಹುದು. ಅದರ ಸೆಳೆತಕ್ಕೆ ಸಿಕ್ಕವರು ನೇರ ದಡದತ್ತ ಈಜಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ ಸೆಳೆತದಿಂದ ಹೊರಬಿದ್ದ ಮೇಲೆ ತಿರುಗಬೇಕು. ಈಜು ಬಾರದವರಿಗೆ ಇದೂ ಉಪಯೋಗವಿಲ್ಲ. ಅವರು ಕೆಂಪು ಬಾವುಟ ಕಂಡಲ್ಲಿ ನೀರಿಗೆ ಇಳಿಯಲೇಬಾರದು, ಜೀವರಕ್ಷಕರ ಸಿಳ್ಳೆಗೆ ಸಿಟ್ಟಾಗಬಾರದು. ಮಕ್ಕಳಿರುವ ಮನೆಯವರು ಹೊನ್ನಾವರದ ಬಳಿಯ ಕಾಸರಕೋಡನ್ನು ನೋಡಬಹುದು. 2020ರಲ್ಲಿ ಪಡುಬಿದ್ರಿಯ ಜೊತೆಗೆ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರ ಅದು.

ನೀರಡಿಯ ಹವಳದ ಪಾಡೂ ಸುಖದ್ದಲ್ಲ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ ಹವಳ ದಿಬ್ಬಗಳು ನಾಲ್ಕನೇ ಸಲ ಬೃಹತ್ ಪ್ರಮಾಣದಲ್ಲಿ ಬಿಳಿಚಿಕೊಳ್ಳುತ್ತಿವೆ ಎಂದು ಘೋಷಿಸಿದರು. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳೂ ಬಿಸಿ ನೀರಿಗೆ ಸಿಕ್ಕು ಬಣ್ಣ ಕಳೆದುಕೊಂಡವು. ಹವಳದ ಮೇಲೆ ರಬ್ಬರಿನ ಪಾದ ಊರಿ ಫೋಟೋಕ್ಕೆ ನಿಲ್ಲುವುದು ಗಾಯದ ಮೇಲೆ ಬರೆ. ನೆನಪಿಗೆಂದು ಒಂದು ತುಣುಕು ಕಿಸೆಗಿಳಿಸುವುದಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಜಿಲ್ಲಾಡಳಿತ ಒಂದು ಕೆಲಸ ಮಾಡಬಹುದು. ಅಂದಿನ ಗಾಳಿ, ಅಲೆ, ನೀರಿನ ತಿಳಿ ಎಷ್ಟು, ದೋಣಿ ಹೊರಡುತ್ತದೆಯೋ ಇಲ್ಲವೋ ಎಂಬುದನ್ನು ದಿನಾ ಬೆಳಗ್ಗೆ ದಕ್ಕೆಯ ಬಳಿ ಕನ್ನಡದಲ್ಲಿ ಬರೆದು ಹಾಕಿದರೆ ಸಾಕು, ಅದಕ್ಕೆ ಕೋಟಿಗಳ ಯೋಜನೆ ಬೇಕಿಲ್ಲ. ಉಳಿದದ್ದು ಹೊರಡುವವರ ಕೈಯಲ್ಲಿದೆ. ಈ ಚಳಿಗಾಲಕ್ಕೆ ಮುರುಡೇಶ್ವರದ ಟಿಕೆಟ್ ತೆಗೆಸುವವರು ವಾಪಸು ಬರುವ ತಾರೀಕನ್ನು ಒಂದು ದಿನ ಮುಂದಕ್ಕೆ ಹಾಕಿ. ಆ ದಿನ ಏನೂ ಇಟ್ಟುಕೊಳ್ಳಬೇಡಿ. ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ ಉಂಡು ಮಧ್ಯಾಹ್ನ ಒಂದು ನಿದ್ದೆ ತೆಗೆಯಿರಿ.